ಹಿಮ್ಮಡಿಯ ಒಂದು ಹನಿ ರಕ್ತ

ಮೊನ್ನೆ ತಂಗಿಯ ಮಗು ನೋಡೋಕೆ ಆಸ್ಪತ್ರೆಗೆ ಹೋಗಿದ್ದೆ. ಹುಟ್ಟಿ ಮೂರು ದಿನ. ನರ್ಸಮ್ಮ ಬಂದು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪ ಕಾಗದದ ಮೇಲಿದ್ದ ಪುಟ್ಟ ವೃತ್ತಗಳಿಗೆ ರಕ್ತ ಮುಟ್ಟಿಸಿದರು. ಮಗು ಕಿಟಾರನೆ ಕಿರುಚಿತು. "ಹಸುಗೂಸಿಗೆ ಇದೆಲ್ಲ ಯಾಕಪ್ಪಾ, ದುಡ್ಡು ಮಾಡೋ ದಾರಿ ಅಷ್ಟೇ" ಅಂತ ಅಮ್ಮ ಗೊಣಗಿದರು. ನಾನು ಸುಮ್ಮನಿದ್ದೆ. ನನಗೆ ದೊಡ್ಡಮ್ಮನ ನೆನಪಾಗಿತ್ತು.

ದೊಡ್ಡಮ್ಮನನ್ನು ಕೊಟ್ಟಿದ್ದು ಸೋದರಮಾವನಿಗೇ. ಮೊದಲೆರಡು ಮಕ್ಕಳು ಹುಟ್ಟಿದಾಗ ಗುಂಡುಗುಂಡಾಗಿದ್ದವಂತೆ. ನಾಲ್ಕೈದು ದಿನಕ್ಕೆ ಹಾಲು ಬಿಟ್ಟು, ಮಂಕಾಗಿ, ವಾರ ತುಂಬುವುದರೊಳಗೆ ಹೋಗಿಬಿಟ್ಟವು. ಊರವರು ಬಾಲಗ್ರಹ ಅಂದರು. ಅವಳ ಕಾಲ್ಗುಣ ಅಂದವರೂ ಇದ್ದರು! ನಿಜಕ್ಕೂ ಏನಾಗಿತ್ತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹಾಲಿನಲ್ಲಿರುವ ಪ್ರೋಟೀನನ್ನು ಅರಗಿಸಿ ಬಳಸಿಕೊಳ್ಳಲು ಬೇಕಾದ ಒಂದೇ ಒಂದು ಕಿಣ್ವ ಇಲ್ಲದಿದ್ದರೂ ಮಗುವಿನ ರಕ್ತದಲ್ಲಿ ವಿಷ ತುಂಬುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಇಂಥ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಸಂಬಂಧದಲ್ಲೇ ಮದುವೆಯಾದಾಗ ಆ ಸಾಧ್ಯತೆ ಹೆಚ್ಚು. ನಮ್ಮ ಕಡೆ ಅಂಥ ಮದುವೆಗಳಿಗೇನು ಬರವೇ?

ಫೀನೈಲ್‌ಕೀಟೋನ್ಯೂರಿಯಾ ಅನ್ನೋ ಇಂಥದೊಂದು ಕಾಯಿಲೆಯನ್ನು ನಾರ್ವೆಯ ಫೋಲಿಂಗ್ 1934ರಲ್ಲಿ ಗುರುತಿಸಿದ. ಕಾಗದದ ಮೇಲೆ ಒಣಗಿಸಿದ ರಕ್ತದಲ್ಲೇ ಅದನ್ನು ಪತ್ತೆ ಹಚ್ಚಬಹುದು ಅಂತ ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದ ಆರಂಭದಲ್ಲಿ ತೋರಿಸಿದ. ಆಗ ಒಂದೊಂದು ಕಾಯಿಲೆಗೂ ಒಂದೊಂದು ಪರೀಕ್ಷೆ. 1990ರ ದಶಕದಲ್ಲಿ ಟ್ಯಾಂಡಮ್ ಮಾಸ್ ಸ್ಪೆಕ್ಟ್ರೋಮೀಟರ್ ಬಂದು ಆಟವೇ ಬದಲಾಯಿತು.

ಅದೊಂದು ಅಣುಗಳ ತಕ್ಕಡಿ ಅಂದುಕೊಳ್ಳಿ. ಒಣಗಿದ ಕಲೆಯಿಂದ 3 ಮಿಲಿಮೀಟರ್ ಚಿಲ್ಲರೆ ಅಗಲದ ಒಂದು ಬಿಲ್ಲೆ ಕತ್ತರಿಸಿ ಮೆಥನಾಲ್‌ನಲ್ಲಿ ನೆನೆಸುತ್ತಾರೆ. ಜೊತೆಗೆ ಅದೇ ಅಣುವಿನ ಸ್ವಲ್ಪ ಭಾರದ ರೂಪವನ್ನು ಗೊತ್ತಿರುವ ಅಳತೆಯಲ್ಲಿ ಸೇರಿಸುತ್ತಾರೆ. ಅದು ತೂಕದ ಕಲ್ಲಿದ್ದ ಹಾಗೆ. ಯಂತ್ರ ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ತೂಕದ ಪ್ರಕಾರ ಬೇರ್ಪಡಿಸಿ, ನಡುವೆ ಒಡೆದು, ಚೂರುಗಳನ್ನು ಮತ್ತೆ ತೂಗುತ್ತದೆ. 166 ತೂಗುವುದು ಒಡೆದು 120 ಆಯಿತೋ, ಅದು ಫೀನೈಲ್‌ಅಲನೀನ್. ಎರಡು ಮೂರು ನಿಮಿಷದಲ್ಲಿ ಹತ್ತಾರು ಕಾಯಿಲೆಗಳ ಸುಳಿವು ಸಿಗುತ್ತದೆ.

ಸುಳಿವು ಅಷ್ಟೇ, ತೀರ್ಪಲ್ಲ. ಮತ್ತೊಂದು ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬರಬಹುದು. ಆ ನಡುವಿನ ದಿನಗಳಲ್ಲಿ ತಾಯಿಯ ನಿದ್ದೆ ಹಾಳಾಗುವುದೂ ನಿಜ. ಪಥ್ಯದ ವಿಶೇಷ ಹಾಲಿನಪುಡಿ ದುಬಾರಿ ಅನ್ನುವುದೂ ನಿಜ. ಆದರೆ ಮೀಥೈಲ್‌ಮಲೋನಿಕ್ ಅಸಿಡೀಮಿಯಾದ ಕೆಲವು ಬಗೆಗಳು ಬಿ12 ಇಂಜೆಕ್ಷನ್ನಿಗೇ ಬಗ್ಗುತ್ತವೆ! ಗೊತ್ತಾಗಬೇಕು ಅಷ್ಟೇ, ಅದೂ ಬೇಗ.

ನನ್ನ ತಕರಾರು ಇರುವುದು ಇಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಬೆಂಗಳೂರಿನಲ್ಲಿ ಸುಮಾರು ಒಂದು ಲಕ್ಷ ಹಸುಗೂಸುಗಳ ರಕ್ತ ಪರೀಕ್ಷಿಸಿದ್ದರು. ಗೋವಾ ಸರ್ಕಾರ 2008ರಲ್ಲೇ ಇಂಥ ಯೋಜನೆ ಶುರುಮಾಡಿತು. ಇಷ್ಟಾದರೂ ದೇಶಕ್ಕೆಲ್ಲ ಕಡ್ಡಾಯವಾದ ತಪಾಸಣೆ ಇನ್ನೂ ಬಂದಿಲ್ಲ. ದುಡ್ಡಿದ್ದವರ ಮಗುವಿಗೆ ಒಂದು ಹನಿ, ಇಲ್ಲದವರ ಮಗುವಿಗೆ ಬಾಲಗ್ರಹ.

ಪ್ರತಿ ತಾಲ್ಲೂಕಿಗೂ ಯಂತ್ರ ಬೇಡ ಸ್ವಾಮಿ. ಒಣಗಿದ ರಕ್ತದ ಕಾಗದಕ್ಕೆ ಐಸು ಬೇಡ, ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟರೆ ಸಾಕು. ಮೊದಲು ಎಲ್ಲ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲೂ ಆ ಕಾಗದ ಇರಲಿ. ಥೈರಾಯ್ಡ್ ಕೊರತೆಯಿಂದ ಶುರುವಾಗಲಿ. ಅದು ಇವುಗಳಿಗಿಂತ ಎಷ್ಟೋ ಸಾಮಾನ್ಯ, ಮಾತ್ರೆಯೂ ಅಗ್ಗ, ಅದಕ್ಕೆ ಈ ಯಂತ್ರವೂ ಬೇಡ. ಆಮೇಲೆ ಅದೇ ಕಾಗದ ದೊಡ್ಡ ಊರಿನ ಲ್ಯಾಬಿಗೆ ಹೋಗಲಿ. ಅಪ್ಪ ಅಮ್ಮನ ಒಪ್ಪಿಗೆ ಮಾತ್ರ ಕೇಳಲೇಬೇಕು. ಕೇಳದೆ ಕೂಡಿಟ್ಟಿದ್ದ ಐವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ರಕ್ತದ ಕಲೆಗಳನ್ನು ನಾಶಮಾಡಲು ಟೆಕ್ಸಾಸ್ ರಾಜ್ಯ 2009ರಲ್ಲಿ ಒಪ್ಪಬೇಕಾಯಿತು, ಕೋರ್ಟಿಗೆ ಹೋದವರಿಂದಾಗಿ.

ತಂಗಿಯ ಮಗುವಿನ ವರದಿ ಬಂತು, ಎಲ್ಲ ಸರಿಯಿದೆ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕನ ಮಕ್ಕಳಿಗೂ ಇದನ್ನ ಮಾಡಿಸಿದ್ದಿದ್ರೆ..." ಅಂದರು. ಮುಂದೆ ಮಾತಾಡಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಕಾರಣ ಗೊತ್ತಿಲ್ಲದ ಸಾವುಗಳ ಕಥೆ ಇರಬಹುದು. ಇದ್ದರೆ ಬರೆಯಿರಿ.