ಕೋಟೆಗೆ ನುಗ್ಗಿದ ಕೋತಿಗಳು

ಡ್ವಾರ್ಫ್ ಫೋರ್ಟ್ರೆಸ್ ಅಂತ ಒಂದು ಆಟ ಇದೆ. ಏಳು ಜನ ಕುಬ್ಜರು, ಒಂದು ಬಂಡಿ, ಒಂದಿಷ್ಟು ಸಾಮಾನು. ಇಷ್ಟನ್ನು ನಿಮ್ಮ ಕೈಗೆ ಕೊಟ್ಟು, ಗುರುತು ಪರಿಚಯ ಇಲ್ಲದ ಜಾಗದಲ್ಲಿ ಇಳಿಸಿಬಿಡುತ್ತಾರೆ. ಬೆಟ್ಟ ಕೊರೆದು ಕೋಟೆ ಕಟ್ಟಬೇಕು, ಬೆಳೆ ಬೆಳೆಯಬೇಕು, ಹೆಂಡ ಕಾಯಿಸಬೇಕು. ಗೆಲ್ಲೋದು ಅಂತ ಇದರಲ್ಲಿ ಇಲ್ಲವೇ ಇಲ್ಲ. ಕೋಟೆ ಎಷ್ಟು ದಿನ ಬಾಳುತ್ತೆ ಅನ್ನೋದಷ್ಟೇ ಲೆಕ್ಕ.

ಟಾರ್ನ್ ಆಡಮ್ಸ್, ಝಾಕ್ ಆಡಮ್ಸ್ ಅನ್ನೋ ಅಣ್ಣತಮ್ಮಂದಿರು 2002ರಲ್ಲಿ ಇದನ್ನು ಕಟ್ಟೋಕೆ ಶುರು ಮಾಡಿದರು. 2006ರಲ್ಲಿ ಮೊದಲ ಆವೃತ್ತಿ ಬಂತು. ಆಗ ಚಿತ್ರಗಳೇ ಇರಲಿಲ್ಲ, ಎಲ್ಲವೂ ಕೀಬೋರ್ಡ್ ಅಕ್ಷರಗಳು. ಆದರೂ 2012ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಚಿತ್ರಗಳಿರುವ ಆವೃತ್ತಿ ಸ್ಟೀಮ್‌ನಲ್ಲಿ ಸಿಕ್ಕಿದ್ದು ಡಿಸೆಂಬರ್ 2022ರಲ್ಲಿ.

ಈ ಆಟದಲ್ಲಿ ಡ್ರ್ಯಾಗನ್ ಇದೆ, ಗಾಬ್ಲಿನ್ ಸೈನ್ಯ ಇದೆ, ನೆಲದಾಳದಲ್ಲಿ ಹೆಸರು ಹೇಳೋಕೂ ಹೆದರುವಂಥ ಪ್ರಾಣಿಗಳಿವೆ. ಆದರೆ ಬೆಚ್ಚನೆಯ ನಾಡಿನಲ್ಲಿ ಕೋಟೆ ಕಟ್ಟಿದವರನ್ನು ಕೇಳಿ ನೋಡಿ. ತಲೆ ಕೆಡಿಸಿದ್ದು ಯಾವುದು ಅಂದ್ರೆ, ರೀಸಸ್ ಮಕಾಕ್ ಅಂತಾರೆ. ಹೌದು, ದೆಹಲಿ, ಶಿಮ್ಲಾ, ವೃಂದಾವನದಲ್ಲಿ ಕನ್ನಡಕ ಕಿತ್ತುಕೊಂಡು ಓಡುತ್ತಲ್ಲ, ಅದೇ ಕೆಂಪು ಮುಖದ ಕೋತಿ!

ಬಂಡಿಯಿಂದ ಇಳಿಸಿದ ಸಾಮಾನು ಇನ್ನೂ ಬಯಲಲ್ಲೇ ಬಿದ್ದಿರುತ್ತೆ. ಅಷ್ಟರಲ್ಲಿ ಒಂದು ಗುಂಪು ಹಾಜರ್. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ನಕ್ಷೆಯ ಅಂಚಿನ ಕಡೆ ಓಟ. ಅಂಚು ದಾಟಿತು ಅಂದ್ರೆ ಆ ವಸ್ತು ಹೋಯ್ತು ಅಂತಲೇ ಲೆಕ್ಕ. ಆಟಗಾರರು ಬೋನು ಇಡ್ತಾರೆ, ನಾಯಿ ಕಟ್ಟುತ್ತಾರೆ, ಬಿಲ್ಲುಗಾರರನ್ನು ನಿಲ್ಲಿಸುತ್ತಾರೆ.

ನಮ್ಮಂಥ ಕೋಡ್ ಬರೆಯುವವರಿಗೆ ಈ ಆಟದಲ್ಲಿ ಇನ್ನೊಂದು ಖುಷಿ ಇದೆ. ಪ್ರತಿ ಪ್ರಾಣಿಯ ವಿವರ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು, ಎಲ್ಲ ಓದಬಹುದು. ದೇಹದ ಗಾತ್ರ, ಎಂಥ ಕಾಡಲ್ಲಿ ಇರುತ್ತೆ, ಗುಂಪಲ್ಲಿ ಎಷ್ಟು, ಎಲ್ಲವೂ ಒಂದೊಂದು ಟ್ಯಾಗ್. ವಸ್ತು ಎತ್ತಿಕೊಂಡು ಓಡುವ ಗುಣಕ್ಕೂ ಒಂದು ಟ್ಯಾಗ್ ಇದೆ. ಅದರ ಹೆಸರು ‘ಕ್ಯೂರಿಯಸ್ ಬೀಸ್ಟ್’, ಅಂದರೆ ಕುತೂಹಲದ ಪ್ರಾಣಿ.

ಗಮನಿಸಿ, ಕಳ್ಳ ಅಂತ ಬರೆದಿಲ್ಲ. ಕಳ್ಳ ಅನ್ನೋ ಪದ ಈ ಆಟದಲ್ಲಿ ಇಲ್ಲ ಅಂತೇನಲ್ಲ. ಕೋಬೋಲ್ಡ್ ಅನ್ನೋ ಪುಟ್ಟ ಜೀವಿಗಳ ಜನಾಂಗಕ್ಕೆ ‘ಐಟಂ ಥೀಫ್’ ಅನ್ನೋ ಟ್ಯಾಗ್ ನೇರವಾಗಿಯೇ ಹಾಕಿದ್ದಾರೆ. ಕೋಬೋಲ್ಡ್‌ಗೆ ಅದು ಕಸುಬು, ಕೋತಿಗೆ ಬರೀ ಕುತೂಹಲ. ಇಬ್ಬರೂ ಹೊತ್ತುಕೊಂಡು ಹೋಗೋದು ನಿಮ್ಮ ಕೊಡಲಿಯನ್ನೇ ಆದರೂ, ಆಟ ಕಟ್ಟಿದವರು ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಲಿಲ್ಲ. ವೇರಿಯಬಲ್‌ಗೆ ಹೆಸರಿಡೋದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿರುವವರಿಗೆ ಇದು ಸಣ್ಣ ವಿಷಯ ಅನ್ನಿಸಲಿಕ್ಕಿಲ್ಲ.

ನಿಜವಾದ ರೀಸಸ್ ಕೋತಿಯ ಕುತೂಹಲ ಈ ಒಂದು ಟ್ಯಾಗ್‌ಗಿಂತ ತುಂಬಾ ಆಳದ್ದು. 1938ರಲ್ಲಿ ಭಾರತದಿಂದ ಹಡಗಿನಲ್ಲಿ ಒಯ್ದ ಸುಮಾರು 400 ರೀಸಸ್ ಕೋತಿಗಳನ್ನು ಪೋರ್ಟೊರಿಕೊ ಬಳಿಯ ಕಾಯೊ ಸಾಂಟಿಯಾಗೊ ಅನ್ನೋ ಪುಟ್ಟ ದ್ವೀಪದಲ್ಲಿ ಬಿಟ್ಟರು. ಅವುಗಳ ಸಂತತಿ ಇವತ್ತಿಗೂ ಅಲ್ಲೇ ಇದೆ. 2005ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನ ಮಜವಾಗಿದೆ. ಇಬ್ಬರು ಸಂಶೋಧಕರು, ಇಬ್ಬರ ಮುಂದೆಯೂ ದ್ರಾಕ್ಷಿ. ಒಬ್ಬರು ಕೋತಿಯ ಕಡೆ ನೋಡುತ್ತಾ ನಿಂತರು, ಇನ್ನೊಬ್ಬರು ಬೆನ್ನು ತಿರುಗಿಸಿ ನಿಂತರು. ಕೋತಿಗಳು ಹೆಚ್ಚಾಗಿ ಕದ್ದದ್ದು ಬೆನ್ನು ತಿರುಗಿಸಿದವರಿಂದ. ಎದುರಿಗಿರುವವನಿಗೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಲೆಕ್ಕ ಹಾಕುವ ಪ್ರಾಣಿ ಅದು.

ಅದೇ ದ್ವೀಪಕ್ಕೆ ಸೆಪ್ಟೆಂಬರ್ 2017ರಲ್ಲಿ ಮರಿಯಾ ಚಂಡಮಾರುತ ಬಡಿಯಿತು. ಮರಗಳು ಉರುಳಿ ನೆರಳೇ ಅಪರೂಪವಾಯ್ತು. ಜಗಳಗಂಟ ಜಾತಿ ಅಂತಲೇ ಹೆಸರಾದ ಈ ಕೋತಿಗಳು ಇದ್ದ ಚೂರು ನೆರಳಿಗೆ ಬಡಿದಾಡಿ ಸಾಯುತ್ತವೆ ಅಂತ ನಾವಂದುಕೊಳ್ಳಬಹುದು. ಆಗಿದ್ದು ಉಲ್ಟಾ. ಅವು ಇನ್ನಷ್ಟು ಸಹಿಸಿಕೊಂಡು, ಹೆಚ್ಚು ಜನರ ಜೊತೆ ಸ್ನೇಹ ಮಾಡಿಕೊಂಡು, ಒತ್ತಿಕೊಂಡು ಕೂತವು. ಇದಕ್ಕೆ ಯಾವ ಟ್ಯಾಗ್ ಬರೆಯೋಣ ಹೇಳಿ?

ನಮ್ಮ ರಕ್ತದ ಗುಂಪಿನ ಪಕ್ಕ ಇರುವ ಪಾಸಿಟಿವ್, ನೆಗೆಟಿವ್‌ಗೂ ಇದೇ ಕೋತಿಯ ನಂಟು. ಆರ್‌ಎಚ್ ಅಂದರೆ ರೀಸಸ್. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಅದನ್ನು ಪ್ರಕಟಿಸುವಾಗ ಪ್ರಯೋಗದಲ್ಲಿ ಬಳಸಿದ್ದು ರೀಸಸ್ ಕೋತಿಯ ರಕ್ತವನ್ನು. ಪ್ರಯೋಗಾಲಯಗಳಿಗಾಗಿ ಭಾರತದಿಂದ ಲೆಕ್ಕವಿಲ್ಲದಷ್ಟು ಕೋತಿಗಳು ವಿದೇಶಕ್ಕೆ ಹೋದವು. ಆ ರಫ್ತು ನಿಂತಿದ್ದು 1978ರಲ್ಲಿ.

ಅಂದ ಹಾಗೆ, ಚಾಮುಂಡಿ ಬೆಟ್ಟದಲ್ಲಿ ನಿಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡದ್ದು ರೀಸಸ್ ಅಲ್ಲ. ಅದು ಬಾನೆಟ್ ಮಕಾಕ್. ಉದ್ದ ಬಾಲ, ತಲೆ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟಂಥ ಕೂದಲು. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಸಹಜವಾಗಿ ಬದುಕುವುದಿಲ್ಲ. ಆಟದ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ಆಟದ ಹೊರಗೂ ಜಾಗ ಕಮ್ಮಿ ಆಗ್ತಿದೆ. ಗಿಡ್ಡ ಬಾಲದ ರೀಸಸ್ ನಿಧಾನವಾಗಿ ದಕ್ಷಿಣಕ್ಕೆ ಇಳಿಯುತ್ತಾ ಬಾನೆಟ್‌ನ ನೆಲೆಗಳನ್ನು ಹಿಡಿಯುತ್ತಿದೆ ಅಂತ 2011ರಲ್ಲೇ ನಮ್ಮ ಸಂಶೋಧಕರು ಎಚ್ಚರಿಸಿದ್ದರು. ಒಂದೂರಲ್ಲಿ ಹಿಡಿದ ಕೋತಿಗಳನ್ನು ಇನ್ನೊಂದೂರಿನ ಹತ್ತಿರ ಬಿಟ್ಟು ಬರುವ ನಮ್ಮ ಅಭ್ಯಾಸವೂ ಇದಕ್ಕೊಂದು ಕಾರಣ. ಎರಡೂ ನಮಗೆ ‘ಕೋತಿ’ಯೇ. ಒಂದು ಹೆಚ್ಚಾಗಿ ಇನ್ನೊಂದು ಕಮ್ಮಿಯಾದರೂ ಕಣ್ಣಿಗೆ ಬೀಳೋದಿಲ್ಲ.

ಒಂದು ಪದದ ಹಣೆಪಟ್ಟಿ ಆಟದಲ್ಲಿ ಮಾತ್ರ ಇರುವುದಲ್ಲ. ಮಾರ್ಚ್ 2016ರಲ್ಲಿ ಕೇಂದ್ರ ಸರ್ಕಾರ ಶಿಮ್ಲಾ ನಗರದ ವ್ಯಾಪ್ತಿಯಲ್ಲಿ ರೀಸಸ್ ಕೋತಿಯನ್ನು ‘ವರ್ಮಿನ್’ ಅಂತ ಘೋಷಿಸಿತು. ಅಂದರೆ ಪೀಡೆ. ಆ ಗಡಿಯೊಳಗೆ ಆ ಅವಧಿಯಲ್ಲಿ ಕೊಂದರೆ ಅಪರಾಧವಲ್ಲ. ಗಡಿ ದಾಟಿದ ಅದೇ ಕೋತಿ ಮತ್ತೆ ವನ್ಯಜೀವಿ! ನಾವು ಕಾನ್ಫಿಗ್ ಫೈಲ್‌ನಲ್ಲಿ ಫಾಲ್ಸ್ ಇದ್ದದ್ದನ್ನು ಟ್ರೂ ಮಾಡಿದ ಹಾಗೆ. ಮುಂದೆ 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಿತ ಪಟ್ಟಿಯಿಂದಲೇ ಈ ಜಾತಿ ಹೊರಬಿತ್ತು.

ಹಾಗಂತ ಬೆಳೆ ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ. ಹಿಮಾಚಲದ ಸೇಬು, ಜೋಳದ ರೈತರಿಗೂ ನಮ್ಮ ಮಲೆನಾಡಿನ ತೋಟದವರಿಗೂ ಕೋತಿ ಅಂದ್ರೆ ತಮಾಷೆಯ ವಿಷಯ ಅಲ್ಲ. ವರ್ಷದ ದುಡಿಮೆ ಒಂದು ಬೆಳಗ್ಗೆ ಹೊತ್ತಿಗೆ ಖಾಲಿ. ಬೆಂಗಳೂರಲ್ಲಿ ಕೂತು ಅವರಿಗೆ ಪ್ರಾಣಿದಯೆಯ ಪಾಠ ಹೇಳೋದು ಸುಲಭ. ಹೇಳಬಾರದು.

ಆದರೆ ಆಟ ಇಲ್ಲೊಂದು ಕೆಲಸಕ್ಕೆ ಬರೋ ಸಂಗತಿ ತೋರಿಸುತ್ತೆ. ಅನುಭವ ಇರುವ ಆಟಗಾರರು ಕೋತಿ ಹೊಡೆಯೋಕೆ ಸೈನ್ಯ ಬೆಳೆಸೋದಿಲ್ಲ. ಮೊದಲ ದಿನವೇ ಒಂದು ಉಗ್ರಾಣ ಕೊರೆದು ಬಂಡಿಯ ಸಾಮಾನನ್ನೆಲ್ಲ ಒಳಗೆ ಸಾಗಿಸಿ, ಬಾಗಿಲು ಇಡುತ್ತಾರೆ. ಎತ್ತಿಕೊಳ್ಳೋಕೆ ಹೊರಗೆ ಏನೂ ಇಲ್ಲದಿದ್ದರೆ ಕ್ಯೂರಿಯಸ್ ಬೀಸ್ಟ್ ಟ್ಯಾಗ್ ಇದ್ದೂ ಇಲ್ಲದ ಹಾಗೆ. ಬಗ್ ಎಲ್ಲಿದೆ ಅಂತ ಹುಡುಕೋದಕ್ಕೂ ಅದರ ಮೇಲೆ ಪ್ಯಾಚ್ ಹಾಕೋದಕ್ಕೂ ಇರುವ ವ್ಯತ್ಯಾಸ ಇದೇ.

ನಾವು ಹೊರಗೆ ಮಾಡೋದು ಹೆಚ್ಚಾಗಿ ಪ್ಯಾಚ್ ಕೆಲಸ. 2014ರಲ್ಲಿ ಸರ್ಕಾರ ಸಂಸತ್ತಿಗೇ ಕೊಟ್ಟ ಉತ್ತರ ನೆನಪಿರಬಹುದು. ದೆಹಲಿಯಲ್ಲಿ ಸಂಸತ್ ಭವನದ ಸುತ್ತಮುತ್ತ ಕೋತಿ ಓಡಿಸೋಕೆ, ಲಂಗೂರ್ ಥರ ಕೂಗಬಲ್ಲ 40 ಜನ ತರಬೇತಾದವರನ್ನು ನೇಮಿಸಿದ್ದರು. ಇಂಥದ್ದು ಆಟದಲ್ಲಿ ಬಂದಿದ್ದರೆ ಅತಿಯಾಯ್ತು ಅಂತಿದ್ವಿ. ಇತ್ತ ಘಾಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆದು ರೀಲ್ ಮಾಡುವವರು ನಾವೇ, ಕಸದ ತೊಟ್ಟಿ ತೆರೆದಿಡುವವರು ನಾವೇ. ಚಿಪ್ಸ್ ರುಚಿ ಹತ್ತಿದ ಕೋತಿ ಪಕ್ಕದ ಊರಿನ ತೋಟಕ್ಕೆ, ಅಡುಗೆಮನೆಗೆ ನುಗ್ಗಿದಾಗ ದಂಡ ಕಟ್ಟೋದು ಅಲ್ಲಿನವರು.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತ ನಮ್ಮಲ್ಲೊಂದು ಗಾದೆ ಇದೆ. ಈ ವಿಷಯದಲ್ಲಿ ಮಾತ್ರ ಮೊಸರು ಚೆಲ್ಲಿದವರು ನಾವು, ಒರೆಸಿರೋದು ಕೋತಿಯ ಬಾಯಿಗೆ. ಮುಂದಿನ ವೀಕೆಂಡ್ ಬೆಟ್ಟಕ್ಕೆ ಹೊರಟಿದ್ದೀರಾ? ತಿಂಡಿ ಪೊಟ್ಟಣ ಬ್ಯಾಗ್‌ನಲ್ಲೇ ಇರಲಿ, ಕಾರಿನ ಗಾಜು ಮೇಲಿರಲಿ. ಹತ್ತಿರ ಬಂದವನ ಬಾಲ ಎಷ್ಟುದ್ದ ಇದೆ ಅಂತ ಒಮ್ಮೆ ನೋಡಿ.