ಗಾರ್ಡ್ ಡಬ್ಬಿ ಎಲ್ಲಪ್ಪಾ?

ಧಾರವಾಡದ ಗೆಳೆಯನ ಮನೆಯಲ್ಲಿ ಮೇಜಿನ ಮೇಲೆ ಗೂಡ್ಸ್ ಗಾಡಿ ಓಡತೈತಿ. ಬಾಲದಲ್ಲಿ ಕೆಂಪು ಕಬೂಸ್, ನೆತ್ತಿಯ ಮೇಲೆ ಕಿಟಕಿಯ ಗೂಡು. ಅಂಥವು ಅವನ ಹತ್ರ ಹನ್ನೊಂದು, ಎಲ್ಲಾ ಅಮೆರಿಕದವು. ನಮ್ಮ ಬ್ರೇಕ್ ವ್ಯಾನ್ ಎಲ್ಲಿ ಅಂದೆ. 'ಅದರಾಗ ಏನೈತಲೇ ನೋಡಾಕ?'

ಏನೈತಿ? ಕುಂದಗೋಳ ಕಡೆಯ ನಮ್ಮೂರಲ್ಲಿ ಎಮ್ಮೆ ಮೇಯಿಸುತ್ತಾ ವ್ಯಾಗನ್ ಎಣಿಸಿ ನಾವು ಕಾಯುತ್ತಿದ್ದದ್ದೇ ಆ ಕೊನೆಯ ಡಬ್ಬಿಗೆ. ಫ್ಯಾನಿಲ್ಲದ, ದೀಪವಿಲ್ಲದ ಆ ತಗಡಿನ ಗೂಡಿನಿಂದ ಒಬ್ಬ ಮನುಷ್ಯ ನಮಗೆ ತಿರುಗಿ ಕೈ ಬೀಸುತ್ತಿದ್ದ.

ಅಮೆರಿಕದಲ್ಲಿ 1980ರ ದಶಕದಲ್ಲಿ ಕಬೂಸನ್ನು ಮನೆಗೆ ಕಳಿಸಿದ್ದು ಗಾಡಿಯ ತುದಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ. ಬ್ರೇಕಿನ ಗಾಳಿ ಒತ್ತಡವನ್ನು ಅದೇ ಎಂಜಿನ್‌ಗೆ ಹೇಳುತ್ತದೆ. ಈಗ ನಮ್ಮ ಗಾಡಿಗಳಿಗೂ ಅಂಥದ್ದು ಬರತೊಡಗಿದೆ. 2022ರಲ್ಲಿ ಗಾರ್ಡ್‌ಗೆ 'ಟ್ರೇನ್ ಮ್ಯಾನೇಜರ್' ಅಂತ ಹೆಸರಿಟ್ಟರು. (ಹೊಸ ಡೆಸಿಗ್ನೇಶನ್ ಬಂತು ಅಂದ್ರೆ ಐಟಿಯವರಿಗೆ ಎದೆ ಡವಡವ.)

ಅಂಗಡಿಯಲ್ಲಿ ಸಿಗಲ್ಲ ಅನ್ನೋದು ನೆಪ. ಎಚ್‌ಒ ಅಂದರೆ 87ಕ್ಕೆ 1; ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ 19 ಮಿ.ಮೀ. ಹಳಿ ಬೇಕು, ಸಿಗೋದು 16.5. ಆ ಸುಳ್ಳನ್ನು ಸಹಿಸಬಹುದು, ಹನ್ನೊಂದು ಕಬೂಸಿನದನ್ನಲ್ಲ. ಹುಬ್ಬಳ್ಳಿ ಯಾರ್ಡ್ ಇಪ್ಪತ್ತೇ ಕಿಲೋಮೀಟರ್.

ನಾನು ರಟ್ಟಿನಲ್ಲೊಂದು ಮಾಡಿದೀನಿ. ವರಾಂಡ ತುಸು ವಾರೆ. ಭಾನುವಾರ ಒಯ್ತೀನಿ, ಅವನು ಒಂದು ಕಬೂಸ್ ಬಿಚ್ಚಲೇಬೇಕು.