ಹಿತ್ತಿಲಿನ ಮೆಣಸಿನ ಪಾತಿಯೂ ಮನೆಯ ಬೀಜವೂ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆಯ ತೋಪು 2007ನೆಯ ಇಸವಿಯಲ್ಲಿ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಲ್ಪಟ್ಟಿತು. ಭಾರತದಲ್ಲಿ ಈ ಮನ್ನಣೆಯನ್ನು ಪಡೆದ ಸ್ಥಳಗಳಲ್ಲಿ ಇದೇ ಮೊದಲನೆಯದು. ಸುಮಾರು 54 ಎಕರೆಯ ಈ ತೋಪಿನಲ್ಲಿ ತಲೆತಲಾಂತರದಿಂದ ನಿಂತಿರುವ ಮುದಿಮರಗಳಿಗೆ ಇಂಥ ಗೌರವವು ಸಂದುದು ಸುತ್ತಣ ಗ್ರಾಮಗಳಿಗೆಲ್ಲ ಭೂಷಣಪ್ರಾಯವಾದುದು. ಆದರೆ ಹುಳಿಯೊಂದರಿಂದಲೇ ಸಾರು ಆಗುವುದಿಲ್ಲ, ಖಾರವೂ ಬೇಕು. ಹುಣಸೆಯ ಮರವು ಯಾರ ಆರೈಕೆಯೂ ಇಲ್ಲದೆ ನೂರಾರು ವರ್ಷ ನಿಲ್ಲಬಲ್ಲುದು. ಮೆಣಸಿನಗಿಡಕ್ಕಾದರೋ ಆ ಶಕ್ತಿಯಿಲ್ಲ. ಅದರ ಬೀಜವನ್ನು ಎರಡು ಮೂರು ವರ್ಷಕ್ಕೊಮ್ಮೆಯಾದರೂ ಬಿತ್ತಿ ಹೊಸದುಮಾಡಿಕೊಳ್ಳದಿದ್ದರೆ ಮೊಳೆಯುವ ಶಕ್ತಿಯು ಕುಂದಿ, ಆ ತಳಿಯೇ ಊರಿನಿಂದ ಮರೆಯಾಗುವುದು. ಆದಕಾರಣ ಮೆಣಸಿನ ಬೀಜದ ರಕ್ಷಣೆಯು ಮನೆಯವರ ಕೈಯಲ್ಲಿಯೇ ಇರತಕ್ಕದ್ದಾಗಿದೆ.

ಈಚೆಗೆ ಬಯಲುಸೀಮೆಯ ಅನೇಕ ಮನೆಗಳಲ್ಲಿ ಈ ರೂಢಿಯು ತಪ್ಪುತ್ತಿದೆ. ಮಾರಾಟದ ಬೆಳೆಗೆ ಬೀಜವನ್ನೋ ಬೆಳೆದ ಸಸಿಯನ್ನೋ ಕೊಂಡುತರುವವರು ಮನೆಯ ಅಡುಗೆಗೆ ಬೇಕಾದ ನಾಲ್ಕು ಗಿಡಗಳಿಗೂ ಅದನ್ನೇ ನೆಚ್ಚಿಕೊಳ್ಳುವರು. ಕೊಂಡ ಸಸಿಯು ಯಾವ ತಳಿಯದೆಂಬುದು ಕಾಯಿ ಬಿಡುವವರೆಗೆ ನಿಶ್ಚಯವಾಗಿ ತಿಳಿಯದು. ಅಷ್ಟರಲ್ಲಿ ಮಳೆಗಾಲವು ಅರ್ಧ ಕಳೆದುಹೋಗಿರುವುದು. ಮಿಶ್ರತಳಿಯ ಗಿಡದ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ತಾಯಿಗಿಡದ ಗುಣಗಳು ಚದರಿ, ಒಂದು ಗಿಡದಂತೆ ಇನ್ನೊಂದು ಬಾರದು. ಹೀಗೆ ಪ್ರತಿವರ್ಷವೂ ಅಂಗಡಿಯ ಬಾಗಿಲಿಗೆ ಹೋಗುವುದು ಅನಿವಾರ್ಯವಾಗುವುದು.

ಮೆಣಸಿನಕಾಯಿಯು ಈ ದೇಶದ ಮೂಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಅದು ಇಲ್ಲಿಗೆ ಬಂದಿತು. ಅದಕ್ಕೆ ಮೊದಲು ಅಡುಗೆಗೆ ಖಾರವನ್ನು ಕೊಡುತ್ತಿದ್ದುದರಲ್ಲಿ ಕರಿಮೆಣಸೇ ಮುಖ್ಯವಾದುದು. ಹೊಸ ಕಾಯಿಗೆ ಕನ್ನಡಿಗರು ಆ ಮೆಣಸಿನ ಹೆಸರನ್ನೇ ಕೊಟ್ಟರು. ಹೀಗೆ ಪರದೇಶದಿಂದ ಬಂದುದು ನಾಲ್ಕೇ ಶತಮಾನಗಳಲ್ಲಿ ಇಷ್ಟೊಂದು ಬಗೆಗಳಾಗಿ ಹರಡಿದುದು ಹೇಗೆ? ಕಣದಲ್ಲಿ ಒಣಗಿದ ಕಾಯಿಯ ರಾಶಿಯಿಂದ ಬಣ್ಣ, ಘಾಟು, ಉದ್ದಗಳನ್ನು ನೋಡಿ ಆರಿಸಿ ಬೀಜಕ್ಕೆಂದು ಬೇರೆ ತೆಗೆದಿಟ್ಟ ರೈತರಿಂದಲೂ ಮನೆಯ ಹೆಂಗಸರಿಂದಲೂ. ಖಾರ ಕಡಮೆಯಾಗಿ ಬಣ್ಣ ಹೆಚ್ಚಾಗಿರುವ, ಸುಕ್ಕುಸುಕ್ಕಾದ ಬ್ಯಾಡಗಿ ಕಾಯಿಯು ಅಂಥ ಆಯ್ಕೆಯ ಫಲವಾಗಿದ್ದು, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ಹೆಸರಿಲ್ಲದ ಎಷ್ಟೋ ಊರತಳಿಗಳಿಗೆ ಅಂಥ ಭಾಗ್ಯವಿಲ್ಲ. ಬೀಜವನ್ನು ಕಟ್ಟಿಟ್ಟಿದ್ದ ವೃದ್ಧೆಯು ತೀರಿಕೊಂಡ ವರ್ಷವೇ ಅವೂ ತೀರಿಹೋಗುವುವು. ಆಮೇಲೆ ಎಷ್ಟು ಹಣ ಕೊಟ್ಟರೂ ದೊರೆಯುವುದಿಲ್ಲ.

ಮಿಶ್ರತಳಿಗಳು ಹೆಚ್ಚು ಇಳುವರಿಯನ್ನು ಕೊಡುವಾಗ ಹಳೆಯ ಬೀಜದ ಹಂಬಲವೇಕೆಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಬೆಂಗಳೂರಿನ ಮಾರುಕಟ್ಟೆಗೆ ಎಕರೆಗಟ್ಟಲೆ ಬೆಳೆಯುವವರು ಲಾಭನಷ್ಟಗಳನ್ನು ತೂಗಿ ತಮಗೆ ಒಪ್ಪಿದ ಬೀಜವನ್ನು ಕೊಳ್ಳಲಿ. ಆದರೆ ಮನೆಯ ಖರ್ಚಿಗೆ ಇಪ್ಪತ್ತು ಮೂವತ್ತು ಗಿಡಗಳನ್ನು ಬೆಳೆಯುವಲ್ಲಿ ಇಳುವರಿಗಿಂತ ರುಚಿಯೂ, ವರ್ಷವರ್ಷವೂ ಬೀಜವು ಕೈಯಲ್ಲಿರುವುದೂ ಮುಖ್ಯ. ಹೊಲವನ್ನು ಒಂದು ಲೆಕ್ಕದಿಂದಲೂ ಹಿತ್ತಿಲನ್ನು ಇನ್ನೊಂದು ಲೆಕ್ಕದಿಂದಲೂ ನೋಡುವುದೇ ವಿವೇಕ. ಊರತಳಿಯು ಈಗಾಗಲೇ ಕಳೆದುಹೋಗಿರುವ ಕಡೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಲೋಹಿತ್‌ನಂತಹ ಶುದ್ಧತಳಿಯಿಂದ ಪ್ರಾರಂಭಿಸಬಹುದು. ಅದರ ಬೀಜವು ಮರುವರ್ಷವೂ ತಾಯಿಯನ್ನೇ ಹೋಲುವುದು.

ಬೀಜವನ್ನು ಹಿಡಿಯುವ ಕ್ರಮವು ಕಷ್ಟವಾದುದಲ್ಲ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲುದಾದರೂ ಜೇನುಹುಳುಗಳಿಂದ ಬೆರಕೆಯಾಗುವುದುಂಟು. ಪ್ರಮಾಣಿತ ಬೀಜವನ್ನು ಬೆಳೆಯುವವರು ಬೇರೆ ತಳಿಯಿಂದ 200 ಮೀಟರು ದೂರವನ್ನು ಬಿಡುವರು. ಹಿತ್ತಿಲಿನಲ್ಲಿ ಅದು ಅಸಾಧ್ಯವಾದುದರಿಂದ, ಪುಷ್ಟಿಯಾದ ಎರಡು ಮೂರು ಗಿಡಗಳ ರೆಂಬೆಗಳಿಗೆ ಹೂವು ಅರಳುವ ಮೊದಲೇ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಿ, ದಿನಕ್ಕೊಮ್ಮೆ ರೆಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಸಾಕು. ಕಾಯಿ ಕಚ್ಚಿದ ಮೇಲೆ ಚೀಲವನ್ನು ತೆಗೆದು ಆ ರೆಂಬೆಗೆ ದಾರದ ಗುರುತನ್ನು ಕಟ್ಟತಕ್ಕದ್ದು. ಗಿಡದಲ್ಲಿಯೇ ಪೂರ್ತಿ ಕೆಂಪಾದ, ಚುಕ್ಕೆಯಾಗಲಿ ಕೊಳೆಯಾಗಲಿ ಇಲ್ಲದ ಕಾಯಿಗಳನ್ನೇ ಆರಿಸಬೇಕು; ಏಕೆಂದರೆ ಕಾಯಿಕೊಳೆಯ ರೋಗವು ಬೀಜದ ಜೊತೆಯಲ್ಲಿಯೇ ಮುಂದಿನ ವರ್ಷಕ್ಕೆ ಸಾಗುವುದು. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿಯನ್ನು ಬೆರಸಿ, ತೇವವು ತಗಲದ ಮುಚ್ಚಳದ ಡಬ್ಬಿಯಲ್ಲಿ ತಳಿಯ ಹೆಸರನ್ನೂ ವರ್ಷವನ್ನೂ ಬರೆದಿಡುವುದು ಒಳ್ಳೆಯದು.

ರೋಹಿಣಿ ಮಳೆಯಲ್ಲಿ ಒಟ್ಲು ಹಾಕಿದರೆ ಪುನರ್ವಸುವಿಗೆ ಸಸಿಯು ನಾಟಿಗೆ ಸಿದ್ಧವಾಗುವುದು. ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಮರಳನ್ನೂ ಸೇರಿಸಿ ಅರ್ಧ ಅಡಿ ಎತ್ತರದ ಪಾತಿಯನ್ನು ಕಟ್ಟಿ, ಎರಡು ಮೂರು ಅಂಗುಲದ ಸಾಲುಗಳಲ್ಲಿ ಬೀಜವನ್ನು ತೆಳುವಾಗಿ ಉದುರಿಸಿ, ಕಾಲಂಗುಲಕ್ಕಿಂತ ಆಳವಾಗದಂತೆ ಮುಚ್ಚಿ, ಮೇಲೆ ರಾಗಿಯ ಹುಲ್ಲನ್ನು ಹರಡತಕ್ಕದ್ದು. ಎಂಟು ದಿನಗಳಿಂದ ಎರಡು ವಾರಗಳೊಳಗೆ ಮೊಳಕೆಯು ಕಾಣಿಸುವುದು. ಸೂಜಿಮೆಣಸಿನಂತಹ ಸಣ್ಣಕಾಯಿಯ ಬಗೆಗಳು ಇನ್ನೂ ತಡಮಾಡುವುದುಂಟು. ಮೊಳಕೆ ಕಂಡೊಡನೆ ಹುಲ್ಲನ್ನು ತೆಗೆಯದಿದ್ದರೆ ಸಸಿಗಳು ಬಿಳಿಚಿಕೊಂಡು ಎಳೆದುಹೋಗುವುವು. ನೀರು ಹೆಚ್ಚಾದರೆ ಬುಡವು ಕೊಳೆತು ಒರಗುವುವು. ಇದನ್ನು ತಡೆಯುವುದಕ್ಕೆ ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮದ ಪುಡಿಯನ್ನು ಲೇಪಿಸುವುದು ಉತ್ತಮ.

ಎಲೆಮುದುಡುವ ರೋಗದಿಂದ ಆಗುವ ಹಾನಿಯು ಅಪಾರ. ಎಲೆಯಂಚು ಮೇಲಕ್ಕೆ ಮಡಿಸಿಕೊಂಡರೆ ಅದು ಸಾಧಾರಣವಾಗಿ ಥ್ರಿಪ್ಸ್ ಕೀಟದ ಕೆಲಸ. ಕೆಳಕ್ಕೆ ಮಡಿಸಿಕೊಂಡರೆ ಮೈಟ್ ನುಸಿಯದು. ಗಿಡವೇ ಗಿಡ್ಡವಾಗಿ ಮುರುಟಿದರೆ ಬಿಳಿನೊಣವು ಹರಡುವ ನಂಜುರೋಗವೆಂದು ಶಂಕಿಸಬೇಕು. ನಂಜು ಹತ್ತಿದ ಗಿಡಕ್ಕೆ ಔಷಧವಿಲ್ಲ. ಕಿತ್ತು ಸುಡುವುದೊಂದೇ ದಾರಿ. ಸಸಿಯ ಪಾತಿಯ ಮೇಲೆ ಒತ್ತಾದ ನೈಲಾನ್ ಪರದೆಯನ್ನು ಕಟ್ಟಿದರೆ ಎಳೆಯ ಸಸಿಗೆ ಬಿಳಿನೊಣವು ಮುಟ್ಟುವುದಿಲ್ಲ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ಬಿದ್ದು ಹೂವುಗಳನ್ನೇ ಹಾಳುಮಾಡಿದುದು ಎಲ್ಲರ ನೆನಪಿನಲ್ಲಿರತಕ್ಕ ಸಂಗತಿ. ದೂರದಿಂದ ಸಸಿಯನ್ನು ತಂದಾಗ ಅದರೊಡನೆ ಇಂಥ ಅತಿಥಿಗಳೂ ಬರುವ ಸಂಭವವುಂಟು.

ಇದರಲ್ಲಿ ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಮಾಡಬಹುದಾದ ಕೆಲಸವು ದೊಡ್ಡದು, ವೆಚ್ಚವು ಅತ್ಯಲ್ಪ. ಊರಿನಲ್ಲಿ ಇನ್ನೂ ಯಾವ ಯಾವ ಮನೆಗಳಲ್ಲಿ ಹಳೆಯ ಮೆಣಸಿನ ಬೀಜವಿದೆಯೆಂದು ಅವರು ವಿಚಾರಿಸಲಿ. ಒಂದೊಂದು ತಳಿಯೂ ಕಡೆಯ ಪಕ್ಷ ಎರಡು ಮನೆಗಳಲ್ಲಿ ಇರುವಂತೆ ಏರ್ಪಡಿಸಲಿ. ಹಿತ್ತಿಲಿಲ್ಲದ ಕೂಲಿಯವರಿಗೂ ಹತ್ತು ಸಸಿಗಳನ್ನು ಕೊಟ್ಟರೆ ಕುಂಡದಲ್ಲಿಯೋ ಹಳೆಯ ಡಬ್ಬದಲ್ಲಿಯೋ ಬೆಳೆಸಿಕೊಳ್ಳುವರು. ಬೀಜವನ್ನು ಉಳಿಸುವುದಕ್ಕೂ ಬಿತ್ತುವುದಕ್ಕೂ ಹಂಚಿಕೊಳ್ಳುವುದಕ್ಕೂ ರೈತನಿಗೆ ಇರುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೇ ಸ್ಪಷ್ಟಪಡಿಸಿದೆ. ಸಲಹೆ ಬೇಕಾದವರು ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ತೋಪನ್ನು ಕಾಪಾಡುವುದಕ್ಕೆ ಸರ್ಕಾರದ ಘೋಷಣೆಯು ಬೇಕಾಯಿತು. ಡಬ್ಬಿಯಲ್ಲಿರುವ ಒಂದು ಹಿಡಿ ಬೀಜವನ್ನು ಕಾಪಾಡುವುದಕ್ಕೆ ಯಾವ ಘೋಷಣೆಯೂ ಬೇಕಾಗಿಲ್ಲ. ಬರುವ ರೋಹಿಣಿ ಮಳೆಗೆ ಅದನ್ನು ಮಣ್ಣಿಗೆ ಹಾಕಿದರೆ ಸಾಕು.